ಬುತ್ತಿ ಮುಟ್ಟಿಸು ಎಂದು ಹೆಸರಿಟ್ಟವರು

ಅವರು ಪ್ರತಿ ಸಾಲಿನ ಕೊನೆಯ ಅರ್ಧವಿರಾಮಕ್ಕೆ ಮುಂಚೆ ಒಂದು ಖಾಲಿ ಜಾಗ ಬಿಡುತ್ತಿದ್ದರು. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವವರು ಸಾಮಾನ್ಯವಾಗಿ ಹಾಗೆ ಬಿಡುವುದಿಲ್ಲ. ಬಿಟ್ಟರೆ ಯಂತ್ರಕ್ಕೇನೂ ತೊಂದರೆಯಿಲ್ಲ. ನಾನೂರು ಚಿಲ್ಲರೆ ಸಾಲುಗಳಿದ್ದ ಆ ಕಡತದಲ್ಲಿ ಯಾವ ಸಾಲು ಅವರದು, ಯಾವುದು ಬೇರೆಯವರದು ಎಂದು ಆ ಒಂದು ಜಾಗ ನೋಡಿಯೇ ಗುರುತಿಸಲು ಕಲಿತೆ. ಆಗ ಅವರು ಗಂಡಸೋ ಹೆಂಗಸೋ ಎಂಬುದೂ ನನಗೆ ಗೊತ್ತಿರಲಿಲ್ಲ.

ಮಲೇಷ್ಯಾದ ಪುಚೊಂಗ್‌ನ ಆ ಸಣ್ಣ ಕಂಪನಿಗೆ ನಾನು ಸೇರಿದ ನಾಲ್ಕನೆಯ ದಿನಕ್ಕೆ ಕೊರೋನಾದಿಂದಾಗಿ ಓಡಾಟ ನಿಯಂತ್ರಣದ ಆದೇಶ ಬಂತು. ಲ್ಯಾಪ್‌ಟಾಪನ್ನೂ ಒಂದು ಕುರ್ಚಿಯನ್ನೂ ಗ್ರ್ಯಾಬ್ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹನ್ನೆರಡನೆಯ ಮಹಡಿಯ ಬಾಡಿಗೆ ಕೋಣೆಗೆ ಬಂದೆ. ಆಮೇಲೆ ಆ ಕೋಣೆಯೇ ಆಫೀಸಾಯಿತು. ನಮ್ಮದು ಊಟ ತಯಾರಿಸಿ ಮನೆಗಳಿಗೆ ಕಳುಹಿಸುವ ಅಡುಗೆಮನೆಗಳಿಗಾಗಿ ಮಾಡಿದ ಸಾಫ್ಟ್‌ವೇರ್. ಮೊದಲು ಆಫೀಸುಗಳಿಗೆ ಹೋಗುತ್ತಿದ್ದ ಡಬ್ಬಿಗಳು ಈಗ ಬಾಗಿಲು ತೆರೆಯುವಂತಿಲ್ಲದ ಮನೆಗಳಿಗೆ ಹೋಗತೊಡಗಿದ್ದವು. ಕೆಲಸ ದುಪ್ಪಟ್ಟಾಯಿತು. ಹಳೆಯ ಕೋಡನ್ನು ಓದಿ ಅರ್ಥ ಮಾಡಿಕೋ ಎಂದು ನನಗೆ ಹೇಳಿದ್ದರು. ಓದುತ್ತ ಹೋದಾಗ ಆ ಹೆಸರುಗಳು ಸಿಕ್ಕವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೆಬ್‌ಸೈಟಿನ ಪ್ರತಿ ಪುಟಕ್ಕೂ ಒಂದು ವಿಳಾಸವಿರುತ್ತದೆ, ಬ್ರೌಸರಿನ ನೆತ್ತಿಯಲ್ಲಿ ಎಲ್ಲರಿಗೂ ಕಾಣುವಂಥದ್ದು. ನಾವು ಬಳಸುವ ಫ್ರೇಮ್‌ವರ್ಕಿನಲ್ಲಿ, ಅಂದರೆ ಕೋಡಿನ ಸಿದ್ಧ ಚೌಕಟ್ಟಿನಲ್ಲಿ, ಆ ವಿಳಾಸದ ದಾರಿಗೆ ರೂಟ್ ಎನ್ನುತ್ತಾರೆ, ಅದಕ್ಕೆ ಒಳಗಿನವರು ಕರೆಯಲು ಬೇರೆಯೇ ಒಂದು ಹೆಸರಿರುತ್ತದೆ. ಕೋಡಿನಲ್ಲಿ ಎಲ್ಲೆಲ್ಲಿ ಆ ಪುಟ ಬೇಕೋ ಅಲ್ಲೆಲ್ಲ ಹೆಸರಿನಿಂದ ಕರೆಯುತ್ತೇವೆ. ನಾವು ಸುಮ್ಮನಿದ್ದರೆ ಫ್ರೇಮ್‌ವರ್ಕ್ ತಾನೇ ಏಳು ಹೆಸರು ಇಟ್ಟುಬಿಡುತ್ತದೆ: ಇಂಡೆಕ್ಸ್, ಕ್ರಿಯೇಟ್, ಸ್ಟೋರ್, ಶೋ, ಎಡಿಟ್, ಅಪ್‌ಡೇಟ್, ಡೆಸ್ಟ್ರಾಯ್. ಬೇಡವೆನ್ನುವವರು ತಮ್ಮ ಹೆಸರು ಇಟ್ಟುಕೊಳ್ಳಬಹುದು. ಹೆಚ್ಚಿನವರು ಆ ಗೋಜಿಗೆ ಹೋಗುವುದಿಲ್ಲ.

ಈ ಕಡತದಲ್ಲಿ ಒಬ್ಬರು ಹೋಗಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ, ಆದರೆ ಇಂಗ್ಲಿಷ್ ಅಲ್ಲದ ಹೆಸರುಗಳು. ಊಟ ಆರ್ಡರ್ ಮಾಡುವ ಪುಟಕ್ಕೆ ‘ಬುತ್ತಿ.ಕಟ್ಟು’. ಆರ್ಡರ್ ನೋಡುವ ಪುಟಕ್ಕೆ ‘ಬುತ್ತಿ.ಬಿಚ್ಚು’. ರದ್ದು ಮಾಡುವುದಕ್ಕೆ ‘ಬುತ್ತಿ.ಬ್ಯಾಡ’. ಬೈಕಿನವರಿಗೆ ಹೋಗುವ ಮೆಸೇಜಿನಲ್ಲಿ ಮನೆಯ ದಾರಿ ತೋರಿಸುವ ಪುಟಕ್ಕೆ ‘ಬುತ್ತಿ.ಮುಟ್ಟಿಸು’.

ಒಂಬತ್ತು ದಿನಗಳಿಂದ ನಾನು ಯಾರ ಬಾಯಲ್ಲೂ ಕನ್ನಡ ಕೇಳಿರಲಿಲ್ಲ. ಅಮ್ಮನ ಫೋನು ಲೆಕ್ಕಕ್ಕಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕಂಪನಿಯ ಚಾಟ್‌ನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ಈ ರೂಟ್‌ಗಳಿಗೆ ಹೆಸರಿಟ್ಟವರು ಯಾರು?

ಐದು ನಿಮಿಷಕ್ಕೆ ಕರೆ ಬಂತು. ಪರದೆಯ ಮೇಲೆ ತಿರುಗುವ ಸೀಲಿಂಗ್ ಫ್ಯಾನು, ಅದರ ಕೆಳಗೆ ಯಾರದೋ ಬಲಗಿವಿ.

“ಯಾವೂರ್ರೀ ನಿಮ್ಮದು?”

“ಮೈಸೂರು ಸರ್.”

“ಅನ್ಕೊಂಡೆ. ಆರು ವರ್ಷ ಆತ್ರಿ ಆ ಹೆಸರು ಇಟ್ಟು. ಉಳಿದೋರೆಲ್ಲಾ ‘ಏನಿದು’ ಅಂತ ಕೇಳ್ಯಾರ. ‘ಯಾರು’ ಅಂತ ಕೇಳಿದೋರು ನೀವ ಮೊದಲಿಗರು. ಊಟ ಆತೇನ್ರಿ?”

ಬೆಳಿಗ್ಗೆ ಹತ್ತೂಕಾಲು. ಇಲ್ಲವೆಂದೆ. “ಹಂಗಾರ ನಾಷ್ಟಾ?” ಎಂದರು.

ಅವರ ಊರು ಸವಣೂರು. ವಯಸ್ಸು ಐವತ್ತರ ಮೇಲೆ. ಹೆಂಡತಿ, ಮಗಳು ಊರಲ್ಲಿದ್ದರು. ಇಲ್ಲಿ ಅವರು ನನ್ನಿಂದ ಎಲ್‌ಆರ್‌ಟಿ ರೈಲಿನ ಎರಡು ನಿಲ್ದಾಣಗಳಾಚೆ, ತಮಿಳು ಕುಟುಂಬವೊಂದರ ಮನೆಯ ಮೇಲಂತಸ್ತಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಹೆಸರು ಬರೆಯುವುದಿಲ್ಲ. ಬರೆಯುವುದು ಅವರಿಗೆ ಹಿಡಿಸಲಾರದು. “ನನಗ ಎರಡು ಹೆಸರು ಅದಾವ. ಪಾಸ್‌ಪೋರ್ಟಿನ್ಯಾಗಿಂದು ಇಮಿಗ್ರೇಶನ್‌ದವರಿಗೆ, ತೊಟ್ಟಿಲದಾಗ ಕರದದ್ದು ನಮ್ಮವ್ವಗ. ಎರಡನೇದ್ದು ಯಾರಿಗೂ ಹೇಳಂಗಿಲ್ಲ,” ಎಂದು ಒಮ್ಮೆ ಹೇಳಿದ್ದರು. ರೂಟ್‌ಗಳ ಬಗೆಗೂ ಅವರದು ಅದೇ ಲೆಕ್ಕ. ವಿಳಾಸ ಊರಿಗೆ, ಹೆಸರು ಮನೆಯವರಿಗೆ.

ಫ್ರೇಮ್‌ವರ್ಕ್ ಇಡುವ ಹೆಸರುಗಳ ಮೇಲೆ ಅವರಿಗೆ ನಿಜವಾದ ಸಿಟ್ಟಿತ್ತು.

“ಊಟದ ಆರ್ಡರ್ ತಗೊಳ್ಳೋದಕ್ಕ ‘ಸ್ಟೋರ್’ ಅಂತ ಇಟ್ಟಾರ. ಊಟಾನ ಗೋದಾಮಿನ್ಯಾಗ ಇಡ್ತಾರೇನ್ರಿ? ಇರ್ಲಿ ಬಿಡ್ರಿ. ಒಬ್ಬಾವ ಇವತ್ತು ನನಗ ಊಟ ಬ್ಯಾಡಪಾ ಅಂದ್ರ, ಅದಕ್ಕ ‘ಡೆಸ್ಟ್ರಾಯ್’! ಸರ್ವನಾಶ! ಬ್ಯಾಡ ಅಂದ್ರ ಬ್ಯಾಡ, ಅಷ್ಟ ಅಲ್ಲೇನ್ರಿ?”

ನಾನು ನಕ್ಕೆ. ಆ ಕೋಣೆಯಲ್ಲಿ ನನ್ನ ನಗು ನನಗೇ ದೊಡ್ಡದಾಗಿ ಕೇಳಿಸಿತು.

ಕರೆ ಯಾರದೇ ಇರಲಿ, ವಿಷಯ ಏನೇ ಇರಲಿ, ಅವರ ಮೊದಲ ಪ್ರಶ್ನೆ ಊಟದ್ದು. ಮಲಯ್ ಸಹೋದ್ಯೋಗಿಗಳಿಗೆ “ಮಕಾನ್ ಆಲ್ರೆಡಿ?”, ಊಟವಾಯಿತಾ, ಎನ್ನುತ್ತಿದ್ದರು. ಒಬ್ಬ ಹುಡುಗಿ ಅವರನ್ನು ‘ಅಂಕಲ್ ಮಕಾನ್’ ಎಂದು ಕರೆಯುತ್ತಿದ್ದಳು. ಅವರ ಮನೆಯ ಕೆಳಗಿನ ತಮಿಳು ಅಜ್ಜಿ ಮೆಟ್ಟಿಲ ಬುಡದಲ್ಲಿ ನಿಂತು “ತಂಬೀ, ಸಾಪ್ಟಾಚಾ?” ಎಂದು ಕೂಗುವುದು ಎಷ್ಟೋ ಸಲ ನಮ್ಮ ಮೀಟಿಂಗುಗಳ ನಡುವೆ ಕೇಳಿಸುತ್ತಿತ್ತು. ಅವರು ಮ್ಯೂಟ್ ಮಾಡಲು ಮರೆತು “ಆಚು ಪಾಟಿ!”, ಊಟ ಆಯ್ತು ಅಜ್ಜಿ, ಎಂದು ಕೂಗುತ್ತಿದ್ದರು. ಆಗಿರುತ್ತಿರಲಿಲ್ಲ. ಕುಕ್ಕರಿನ ಸೀಟಿ ಅದಾದ ಮೇಲೆ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಅವರು ಹಾಜರಿ ತೆಗೆದುಕೊಳ್ಳುತ್ತಿದ್ದರು. ಇರುವ ರೂಟ್‌ಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಒಂದು ಆಜ್ಞೆಯಿದೆ. ಅದನ್ನು ಕೊಟ್ಟು, ಕಪ್ಪು ಪರದೆಯ ಮೇಲೆ ಬಂದ ನೂರಾರು ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು, ಶಾಲೆಯ ಮೇಷ್ಟರು ಓದುವ ಹಾಗೆ. ಇಷ್ಟವಿದ್ದವರು ಬಂದು ಕೇಳಬಹುದಿತ್ತು. ಮೊದಮೊದಲು ನಾಲ್ಕೈದು ಜನ ಬರುತ್ತಿದ್ದರಂತೆ. ನನ್ನ ಕಾಲಕ್ಕೆ ನಾನೊಬ್ಬಳೇ.

“ಇದನ್ನ ಓದೋದ್ಯಾಕೆ ಸರ್? ಕಂಪ್ಯೂಟರೇ ಚೆಕ್ ಮಾಡೋ ಹಾಗೆ ಟೆಸ್ಟ್ ಬರೆದ್ರೆ ಆಗಲ್ವಾ?”

“ಟೆಸ್ಟ್ ಬರದೇನಿ ತಂಗಿ. ಅದು ಬ್ಯಾರೆ. ಕಣ್ಣು ಇಲ್ಲದ್ದನ್ನೂ ಐತಿ ಅಂತ ಓದ್ತೇತಿ. ಕಿವಿ ಹಂಗ ಮಾಡಂಗಿಲ್ಲ. ಮನಿ ಮಂದಿ ಒಳಗ ಒಬ್ಬಾವ ಊಟಕ್ಕ ಬರಲಿಲ್ಲಂದ್ರ ಗೊತ್ತಾಗ್ತೇತಿಲ್ಲ, ಹಂಗ.”

ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಾನು ಆ ಹಾಜರಿಗೆ ಹೋಗುತ್ತಿದ್ದದ್ದು ಕಲಿಯುವುದಕ್ಕಲ್ಲ. ಮೈಕು, ಕ್ಯಾಮೆರಾ ಎರಡನ್ನೂ ಆರಿಸಿ, ಲ್ಯಾಪ್‌ಟಾಪನ್ನು ಅಡುಗೆ ಕಟ್ಟೆಯ ಮೇಲಿಟ್ಟುಕೊಂಡು ವಾರದ ಪಾತ್ರೆ ತೊಳೆಯುತ್ತಿದ್ದೆ. ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಅವರ ಪಾಡಿಗೆ ಏನೋ ಓದಿಕೊಳ್ಳುತ್ತಿದ್ದಾರೆ ಎಂಬಂತೆ ಇರುತ್ತಿತ್ತು. ಬುತ್ತಿ ಕಟ್ಟು, ಬುತ್ತಿ ಬಿಚ್ಚು, ಬುತ್ತಿ ಬ್ಯಾಡ, ಬುತ್ತಿ ಮುಟ್ಟಿಸು. ಕೆಲವು ವಾರಗಳಲ್ಲಿ ನಾನು ಕೇಳಿದ ಸಾವಕಾಶದ ಮಾತೆಂದರೆ ಅದೊಂದೇ.

ಅವರು ಒಮ್ಮೆ ಬಂದಿದ್ದರು. ಹತ್ತು ಕಿಲೋಮೀಟರಿನೊಳಗೆ ಓಡಾಡಬಹುದು ಎಂದು ಸಡಿಲಿಸಿದ ಮೊದಲ ಭಾನುವಾರ. ನಾನಿದ್ದ ಕಾಂಡೋ ಕಟ್ಟಡದ ಗೇಟಿನಲ್ಲಿ ಗಾರ್ಡ್ ಒಳಗೆ ಬಿಡಲಿಲ್ಲ. ಫೋನ್ ಮಾಡಿದರು.

“ತಂಗಿ, ಒಂಚೂರು ಬಾಲ್ಕನಿಗೆ ಬಾ.”

ಬಂದು ನೋಡಿದೆ. ಹನ್ನೆರಡು ಮಹಡಿ ಕೆಳಗೆ, ರಸ್ತೆಯಾಚೆ ಒಂದು ನೀಲಿ ಕೊಡೆ. ಬಿಸಿಲಿತ್ತು.

“ಕಾಣ್ತೇನಿಲ್ಲ?”

“ಕೊಡೆ ಕಾಣತ್ತೆ ಸರ್.”

“ಸಾಕು. ಗಾರ್ಡ್ ಕಡೆ ಒಂದು ಡಬ್ಬಿ ಕೊಟ್ಟೇನಿ. ಜ್ವಾಳದ ಹಿಟ್ಟು ಸಿಕ್ಕಿತ್ತು. ಖಡಕ್ ರೊಟ್ಟಿ. ಹದಿನೈದು ದಿನಾ ಇಟ್ರೂ ಕೆಡಂಗಿಲ್ಲ. ನಿಮ್ಮ ಮೈಸೂರಿನವರ ಹಲ್ಲಿಗೆ ಆಗ್ತೇತೋ ಇಲ್ಲೋ, ನೀರು ಚಿಮಕಿಸ್ಕೋ.”

ಕೆಳಗೆ ಇಳಿದು ಹೋಗಬಹುದಿತ್ತು. ಎರಡು ನಿಮಿಷದ ಲಿಫ್ಟು. ಹೋದರೆ ಏನು ಮಾತಾಡುವುದು, ಮಾಸ್ಕಿನ ಹಿಂದೆ ಮುಖ ಹೇಗಿಟ್ಟುಕೊಳ್ಳುವುದು ಎಂದು ಯೋಚಿಸುತ್ತ ನಿಂತೆ. “ಮೀಟಿಂಗ್ ಇದೆ ಸರ್,” ಎಂದೆ. ಭಾನುವಾರ ಎಂಬುದು ಇಬ್ಬರಿಗೂ ಗೊತ್ತಿತ್ತು. “ಹೌದ? ಮಾಡ್ಕೋ ಮಾಡ್ಕೋ,” ಎಂದರು. ಕೊಡೆ ತಿರುಗಿ ಹೋಯಿತು. ಅವರನ್ನು ನಾನು ಎದುರಿಗೆ ಕಂಡದ್ದು ಅಷ್ಟೇ.

ಎರಡನೆಯ ವರ್ಷ ಹೊಸ ಟೀಮ್ ಲೀಡ್ ಬಂದರು. ಚುರುಕಿನ ಮನುಷ್ಯ, ಕೆಟ್ಟವರಲ್ಲ. ಮೊದಲ ವಾರವೇ ಕೋಡನ್ನು ಪರದೆಯ ಮೇಲೆ ಹಾಕಿಕೊಂಡು ಎಲ್ಲರ ಮುಂದೆ ಕೆಳಗಿಳಿಸುತ್ತ ಬಂದರು. ಆ ಹೆಸರುಗಳ ಹತ್ತಿರ ನಿಂತರು.

“ವಾಟ್ ಈಸ್ ದಿಸ್ ಬುತ್ತಿ ಬುತ್ತಿ? ಯುವರ್ ವಿಲೇಜ್ ಆ?”

ಎಲ್ಲರೂ ನಕ್ಕರು. ಹೆಸರಿಟ್ಟವರೂ ನಕ್ಕರು. “ಎಸ್ ಲಾ, ಮೈ ವಿಲೇಜ್,” ಎಂದರು, ಇಲ್ಲಿಯವರ ‘ಲಾ’ ಸೇರಿಸಿ.

“ಯೂ ಟೂ ಆ,” ಎಂದರು ಲೀಡ್, ಈ ಸಲ ನನ್ನನ್ನೂ ಸೇರಿಸಿ, “ಸೀಕ್ರೆಟ್ ಲ್ಯಾಂಗ್ವೇಜ್!”

ನಾನು ಮೈಕು ತೆರೆದು, ಅವೆಲ್ಲ ನಾನು ಬರುವ ಮುಂಚೆಯೇ ಇದ್ದವು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಚೌಕದಲ್ಲಿ ಫ್ಯಾನು ತಿರುಗುತ್ತಿತ್ತು.

ಆ ತಿಂಗಳು ನಮ್ಮಿಬ್ಬರ ತಲೆಯ ಮೇಲೂ ಒಂದೇ ಚಿಂತೆಯಿತ್ತು. ಇಲ್ಲಿ ಕೆಲಸ ಮಾಡುವ ಪಾಸ್ ಇಬ್ಬರದೂ ಮುಗಿಯುತ್ತ ಬಂದಿತ್ತು. ನವೀಕರಿಸಲು ಕಂಪನಿ ಪತ್ರ ಕೊಡಬೇಕು. ಈ ಸಲ ಎಲ್ಲರಿಗೂ ಪತ್ರ ಸಿಗುವುದಿಲ್ಲ, ಲೀಡ್ ಯಾರ ಹೆಸರು ಹೇಳುತ್ತಾರೋ ಅವರಿಗೆ ಎಂದು ಸುದ್ದಿ. ಸವಣೂರಿನಲ್ಲಿ ಅವರ ಮಗಳು ಆ ವರ್ಷ ಇಂಜಿನಿಯರಿಂಗ್ ಸೇರಿದ್ದಳು. “ಇನ್ನು ನಾಕು ವರ್ಷ ಇಲ್ಲೇ ದೂಡಿದ್ರ ಮುಗೀತು ತಂಗಿ. ಈ ವಯಸ್ಸಿನ್ಯಾಗ ಊರಿಗೆ ಹೋದ್ರ ಯಾರು ಕೆಲಸಾ ಕೊಡ್ತಾರ? ಹುಡುಗೂರು ಇಂಟರ್‌ವ್ಯೂ ತಗೊಂತಾವ, ‘ಅಂಕಲ್, ಕೂಡ್ರಿ’ ಅಂತಾವ,” ಎಂದಿದ್ದರು.

ನನಗೆ ಆ ‘ಯೂ ಟೂ’ ಎಂಬ ಮಾತು ಕಚ್ಚಿಕೊಂಡಿತ್ತು. ಯಾರ ಕಣ್ಣಿಗೂ ಬೀಳದೆ, ಕೆಲಸ ಸರಿಯಾಗಿ ಮಾಡಿಕೊಂಡು ಇರುವುದೇ ನನ್ನ ರೀತಿ. ಈಗ ನೋಡಿದರೆ ನಾನು ಇಡದ ಹೆಸರುಗಳಿಂದ ನಾನು ಗುರುತಾಗುತ್ತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಹಾಜರಿ ಮುಗಿಯಿತು. ಮಧ್ಯಾಹ್ನ ಮೂರಕ್ಕೆ ಕುಳಿತು ನಾನು ಆ ನಾಲ್ಕು ಹೆಸರುಗಳನ್ನು ಇಂಗ್ಲಿಷಿಗೆ ಬದಲಾಯಿಸಿದೆ. ಯಾರೂ ಹೇಳಿರಲಿಲ್ಲ. ಅವರನ್ನು ಕೇಳಲಿಲ್ಲ. ಆ ಹೆಸರುಗಳನ್ನು ಕರೆಯುವ ಜಾಗಗಳನ್ನೆಲ್ಲ ಹುಡುಕಿ ತಿದ್ದಿದೆ. ಪುಟಗಳನ್ನು ಒಂದೊಂದಾಗಿ ತೆರೆದು ನೋಡಿದೆ. ‘ಹೆಸರುಗಳನ್ನು ಒಂದೇ ರೀತಿಗೆ ತಂದಿದ್ದೇನೆ’ ಎಂದು ಟಿಪ್ಪಣಿ ಬರೆದು ಲೀಡ್‌ಗೆ ಕಳುಹಿಸಿದೆ. ಅವರು ತೆರೆದು ನೋಡದೆಯೇ ಒಪ್ಪಿಗೆ ಒತ್ತಿದರು. ಒಪ್ಪಿಗೆ ಬಂದದ್ದು ಒಂದೇ ನಿಮಿಷಕ್ಕೆ.

ಬೈಕಿನವರಿಗೆ ಮೆಸೇಜು ಕಳುಹಿಸುವ ತುಣುಕು ಬೇರೆಯೇ ಫೋಲ್ಡರಿನಲ್ಲಿತ್ತು. ನನ್ನ ಹುಡುಕಾಟ ಅಲ್ಲಿಗೆ ಹೋಗಿರಲಿಲ್ಲ, ಟೆಸ್ಟ್‌ಗಳೂ ಆ ತುಣುಕನ್ನು ಮುಟ್ಟುತ್ತಿರಲಿಲ್ಲ. ಅಲ್ಲಿ ಒಂದೇ ಒಂದು ಸಾಲು ಇನ್ನೂ ‘ಬುತ್ತಿ.ಮುಟ್ಟಿಸು’ ಎಂದು ಕರೆಯುತ್ತಿತ್ತು, ಮತ್ತು ಆ ಹೆಸರಿನವರು ಈಗ ಯಾರೂ ಇರಲಿಲ್ಲ.

ಸೋಮವಾರ ಹನ್ನೊಂದಕ್ಕೆ ಹೊಸ ಕೋಡು ಚಾಲನೆಗೆ ಹೋಯಿತು. ಹನ್ನೆರಡರಿಂದ ಅಡುಗೆಮನೆಗಳ ಕರೆಗಳು ಶುರುವಾದವು. ಆರ್ಡರುಗಳು ಬಂದಿವೆ, ಅಡುಗೆಯಾಗಿದೆ, ಡಬ್ಬಿ ಕಟ್ಟಿದೆ. ಬೈಕಿನವರಿಗೆ ಎಲ್ಲಿಗೆ ಹೋಗಬೇಕೆಂಬ ಮೆಸೇಜೇ ಬರುತ್ತಿಲ್ಲ. ಒಂದು ಅಡುಗೆಮನೆ ನಡೆಸುವ ಹೆಂಗಸು ಫೋನಿನಲ್ಲಿ ಅಳುವ ಹಾಗಿದ್ದರು: ಅನ್ನ ಆರುತ್ತಿದೆ, ಹುಡುಗರು ಗೇಟಿನಲ್ಲಿ ನಿಂತಿದ್ದಾರೆ, ಮನೆಯೊಳಗೆ ಬೀಗ ಹಾಕಿಸಿಕೊಂಡು ಕೂತವರು ನನಗೆ ಫೋನ್ ಮಾಡುತ್ತಿದ್ದಾರೆ, ನಾನೇನು ಹೇಳಲಿ? ಎರಡೂಮುಕ್ಕಾಲಿಗೆ ದೋಷ ಹುಡುಕಿ ಸರಿಪಡಿಸಿದವರು ಅವರೇ. ಒಂದು ಸಾಲು. ಅರ್ಧವಿರಾಮಕ್ಕೆ ಮುಂಚೆ ಒಂದು ಜಾಗ.

ಯಾವ ಸಾಲನ್ನು ಯಾರು, ಎಂದು, ಎಷ್ಟು ಗಂಟೆಗೆ ಬದಲಾಯಿಸಿದರು ಎಂಬ ದಾಖಲೆ ನಮ್ಮಲ್ಲಿ ತಾನಾಗಿ ಉಳಿಯುತ್ತದೆ. ಆ ಸಾಲು ಸರಿಪಡಿಸುವವರು ಅದನ್ನು ನೋಡದೆ ಇರುವುದು ಸಾಧ್ಯವಿಲ್ಲ.

ನಾಲ್ಕಕ್ಕೆ ಎಲ್ಲರನ್ನೂ ಕರೆದರು. ಲೀಡ್ ಪರದೆಯ ಮೇಲೆ ದೋಷದ ಸಂದೇಶ ಹಾಕಿದರು. ಕೆಂಪು ಪಟ್ಟಿಯಲ್ಲಿ ಬರೆದಿತ್ತು: ‘ಬುತ್ತಿ.ಮುಟ್ಟಿಸು’ ಎಂಬ ರೂಟ್ ಇಲ್ಲ. ತಪ್ಪು ನನ್ನದು, ಕಾಣುತ್ತಿದ್ದದ್ದು ಅವರ ಶಬ್ದ. ಅದನ್ನು ಓದಿದ ಮೇಲೆ ದಾಖಲೆ ತೆಗೆದು ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

“ಸೀ? ದಿಸ್ ಈಸ್ ವಾಟ್ ಹ್ಯಾಪನ್ಸ್ ಲಾ,” ಎಂದರು ಲೀಡ್.

“ಫ್ರೈಡೇ ಮಾರ್ನಿಂಗ್ ಐ ರೆಡ್ ಆಲ್,” ಎಂದರು ಅವರು. “ಇಟ್ ವಾಸ್ ದೇರ್. ಸಮ್‌ಬಡಿ ಟಚ್ಡ್ ಆಫ್ಟರ್.”

ನಾವಿಲ್ಲಿ ಬೆರಳು ತೋರಿಸುವುದಿಲ್ಲ, ಎಂದರು ಲೀಡ್. ಮೊದಲೇ ಸರಿಯಾದ ಇಂಗ್ಲಿಷ್ ಹೆಸರಿದ್ದಿದ್ದರೆ ಯಾರೂ ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಆಮೇಲೆ ಅವರು ನನ್ನನ್ನು ಕೇಳಿದರು: “ಮಿಸ್, ಯೂ ಸಾ ಎನಿಥಿಂಗ್?”

ಒಂದೂವರೆ ವರ್ಷದಲ್ಲಿ ಅವರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಅದೇ ಮೊದಲು. ನನ್ನ ಚೌಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಮಾತ್ರ ಇತ್ತು. ಮೈಕು ತೆರೆದೆ. “ಐ ವಿಲ್ ಚೆಕ್,” ಎಂದೆ. ಮತ್ತೆ ಮುಚ್ಚಿದೆ.

“ಓಕೆ ಲಾ,” ಎಂದರು ಅವರು. “ಮೈ ನೇಮ್ಸ್.”

ಅವರು ದೊಡ್ಡ ಮನಸ್ಸು ಮಾಡಿ ತಪ್ಪು ಹೊತ್ತುಕೊಂಡರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಅವರು ವಾದಿಸಿದರು. ನನಗೆ ಒಂದು ಅವಕಾಶ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ, ಅವರು ಸುಮ್ಮನಾದರು.

ಅವರಿಟ್ಟಿದ್ದ ಉಳಿದ ಹೆಸರುಗಳನ್ನೂ ಸೇರಿಸಿ ಎಲ್ಲವನ್ನೂ ಫ್ರೇಮ್‌ವರ್ಕಿನ ಹೆಸರುಗಳಿಗೇ ತರಬೇಕೆಂದು ಅವರಿಗೇ ಹೇಳಲಾಯಿತು. ಒಂದೇ ದಿನದಲ್ಲಿ ಮಾಡಿದರು, ಒಂದೂ ತಪ್ಪಿಲ್ಲದೆ. ಮರುದಿನ ಎಂದಿನಂತೆ ಕರೆ ಮಾಡಿ “ಊಟ ಆತೇನ್ರಿ?” ಎಂದರು. ‘ತಂಗಿ’ ಇರಲಿಲ್ಲ. ಶುಕ್ರವಾರ ಒಂಬತ್ತೂವರೆಗೆ ನಾನು ಕಾದೆ. ಅವರು ಬರಲಿಲ್ಲ. ಕೇಳಿದ್ದಕ್ಕೆ, “ಈಗ ಎಲ್ಲಾ ಒಂದ ನಮೂನಿ ಕೇಳ್ತಾವ್ರಿ. ಓದಿದ್ರ ಏನೂ ತಿಳಿಯಂಗಿಲ್ಲ,” ಎಂದರು.

ಪತ್ರ ನನಗೆ ಸಿಕ್ಕಿತು. ಅವರಿಗೆ ಸಿಗಲಿಲ್ಲ. ಅದನ್ನವರು ಹೇಳಿದಾಗ ನಾನು “ಛೆ” ಎಂದೆ. ವಿಶೇಷ ವಿಮಾನದಲ್ಲಿ ಸೀಟು ಸಿಗಲು ಹದಿನೆಂಟು ದಿನ ಕಾದರು. ಹೊರಡುವ ಹಿಂದಿನ ದಿನ ನನಗೊಂದು ಕಡತ ಕಳುಹಿಸಿದರು. ಯಾವ ಅಡುಗೆಮನೆಯವರು ಫೋನ್ ಎತ್ತುವುದಿಲ್ಲ, ಯಾರಿಗೆ ಮೆಸೇಜು ಓದಲು ಬರುವುದಿಲ್ಲ, ಯಾರು ಹಬ್ಬದ ಹಿಂದಿನ ದಿನ ಹೇಳದೆ ಬಾಗಿಲು ಹಾಕುತ್ತಾರೆ, ಎಲ್ಲ ಬರೆದಿದ್ದರು. ಕೊನೆಯಲ್ಲಿ ‘ಬೇಕಾಗ್ತದ, ಇಟ್ಕೋರಿ’ ಎಂದಿತ್ತು. ಬೇಕಾಯಿತು. ಇವತ್ತಿಗೂ ಬೇಕಾಗುತ್ತದೆ.

ನಾನು ಯಾರಿಗೂ ಹೇಳಲಿಲ್ಲ. ಹೇಳದಿರುವುದು ನನಗೆ ಕಷ್ಟದ ಕೆಲಸವಲ್ಲ, ಮೊದಲಿನಿಂದಲೂ. ಕ್ರಮೇಣ ಲಿಫ್ಟಿನಲ್ಲಿ ನಾಲ್ಕು ಜನ ನಿಲ್ಲುವಂತಾಯಿತು, ಆಮೇಲೆ ಎಂಟು ಜನ. ಗಡಿ ತೆರೆಯಿತು. ಆಫೀಸಿಗೆ ವಾರಕ್ಕೆರಡು ದಿನ ಹೋಗತೊಡಗಿದೆವು. ನಾನು ಬೀದಿಯ ಮಾಮಕ್ ಹೋಟೆಲಿನಿಂದ ರೋಟಿ ಚನಾಯ್ ಎಂಬ ಪರೋಟ ಕಟ್ಟಿಸಿಕೊಂಡು ಬಂದು ಕೋಣೆಯಲ್ಲೇ ತಿನ್ನುವುದನ್ನು ಬಿಡಲಿಲ್ಲ.

ಹೋದ ಸೋಮವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ಅವರ ಮಗಳು. ಬರೆದದ್ದು ಹೀಗಿತ್ತು:

“ಅಕ್ಕಾ ನಮಸ್ಕಾರ. ಅಬ್ಬಾನ ಫೋನಿನ್ಯಾಗ ನಿಮ್ಮ ನಂಬರ್ ಸಿಕ್ತು, ನಾ ಮೆಸೇಜ್ ಮಾಡಿದ್ದು ಅವರಿಗೆ ಗೊತ್ತಿಲ್ಲ. ಹುಬ್ಬಳ್ಳಿ ಒಳಗ ಒಂದು ಕಂಪನಿಯವರು ಅಬ್ಬಾನ ಇಂಟರ್‌ವ್ಯೂ ತಗೊಂಡು ಭಾಳ ಖುಷಿ ಆಗಿದ್ರು. ಆಮ್ಯಾಲೆ ನಿಮ್ಮ ಕಂಪನಿಗೆ ಫೋನ್ ಮಾಡ್ಯಾರ. ಅಲ್ಲಿ ಲೀಡ್ ಸರ್, ಇವರಿಂದ ಒಂದಿನಾ ಎಲ್ಲಾ ಬಂದ್ ಆಗಿತ್ತು ಅಂದಾರಂತ. ಬುಧವಾರ ಫೈನಲ್ ಹೇಳ್ತೀವಿ ಅಂದಾರ, ಆದ್ರ ದನಿ ಬದಲಾಗೇತಿ. ಅಬ್ಬಾಗ ಕೆಲಸ ಇಲ್ಲದ ಒಂದು ವರ್ಷ ಆತು. ಅವತ್ತು ಏನಾಗಿತ್ತು ಅಂತ ಕೇಳಿದ್ರ ‘ನನಗ ನೆನಪಿಲ್ಲ ಬಿಡವಾ’ ಅಂತಾರ. ನಿಮಗ ನೆನಪೈತೇನು ಅಕ್ಕಾ?”

ನೂರಾರು ಹೆಸರುಗಳನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ, ಸ್ವಂತ ಮಗಳಿಗೆ, ನೆನಪಿಲ್ಲ ಎಂದಿದ್ದರು.

‘ನೋಡಿ ಹೇಳ್ತೀನಿ’ ಎಂದು ಟೈಪ್ ಮಾಡಿದೆ. ಅಳಿಸಿದೆ. ಕೋಡಿನ ದಾಖಲೆ ತೆರೆದೆ. ತೆರೆಯಬೇಕಾಗಿರಲಿಲ್ಲ, ತೆರೆದೆ. ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ, ನನ್ನ ಹೆಸರು. ನನ್ನ ಪಾಸ್ ಮತ್ತೆ ಮುಗಿಯುವುದಕ್ಕೆ ಏಳು ವಾರ ಉಳಿದಿದೆ, ಪತ್ರಕ್ಕೆ ಹೆಸರು ಹೇಳಬೇಕಾದವರು ಅದೇ ಲೀಡ್. ಇದನ್ನೂ ಬರೆದುಬಿಡುತ್ತೇನೆ, ಯಾಕೆಂದರೆ ಆ ಸಂಜೆ ಬಹಳ ಹೊತ್ತು ನಾನು ಯೋಚಿಸಿದ್ದು ಅದನ್ನೇ. ಅನ್ನಕ್ಕೆ ಇಟ್ಟು ಮರೆತೆ. ಕೊನೆಗೆ ಅವಳಿಗೆ ಎರಡು ಸಾಲು ಕಳುಹಿಸಿದೆ. ‘ನೆನಪಿದೆ. ತಪ್ಪು ನಿಮ್ಮ ಅಬ್ಬಾನದಲ್ಲ, ನನ್ನದು. ಆ ಕಂಪನಿಯವರ ನಂಬರ್ ಕೊಡಿ.’

ನಂಬರ್ ಮಾತ್ರ ಬಂತು.

ಮರುದಿನ ಬೆಳಿಗ್ಗೆ ಒಂಬತ್ತರ ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ, ಇವತ್ತಿನ ಕೆಲಸ ಹೇಳುವ ಮೊದಲು, ಆ ದಾಖಲೆಯನ್ನು ಪರದೆಯ ಮೇಲೆ ಹಾಕಿದೆ. ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ, ಆ ದಿನ ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಆರು ಜನರ ಮುಂದೆ ಹೇಳಿದೆ. ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಹೊತ್ತು ಹಿಡಿಯಿತು. ಲೀಡ್ “ವೈ ನೌ?” ಎಂದರು. ಅದನ್ನು ನೀವು ಇನ್ನೂ ಅವರ ಮೇಲೆ ಹಾಕುತ್ತಿದ್ದೀರಿ ಎಂದು ನಿನ್ನೆ ತನಕ ನನಗೆ ಗೊತ್ತಿರಲಿಲ್ಲ, ಎಂದೆ. ಹುಬ್ಬಳ್ಳಿಗೆ ಮತ್ತೊಮ್ಮೆ ಫೋನ್ ಮಾಡಿ ಹೇಳುತ್ತೀರಾ ಎಂದು ಕೇಳಿದೆ. ನೋಡೋಣ ಎಂದರು.

ಅವರು ನೋಡುವ ತನಕ ಕಾಯಲಿಲ್ಲ. ಅಲ್ಲಿ ಒಂಬತ್ತಾಗಲು ಇಲ್ಲಿ ಹನ್ನೊಂದೂವರೆಯಾಗಬೇಕು. ಕುರ್ಚಿಯಲ್ಲಿ ಕುಳಿತೇ ಇದ್ದು, ಹನ್ನೊಂದೂವರೆಗೆ ಆ ನಂಬರಿಗೆ ಕರೆ ಮಾಡಿದೆ. ಒಬ್ಬ ಹೆಂಗಸು ಎತ್ತಿದರು. ನನ್ನ ಪೂರ್ತಿ ಹೆಸರು ಹೇಳಿದೆ, ಅವರ ಹೆಸರು ಹೇಳಿದೆ, ಆ ದಿನ ಎಲ್ಲ ಬಂದ್ ಆದದ್ದು ನನ್ನಿಂದ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

“ತಡೀರಿ, ತಡೀರಿ. ಪೆನ್ ತಗೊಂತೇನಿ,” ಎಂದರು ಆ ಹೆಂಗಸು. “ಹಾಂ, ಈಗ ನಿಧಾನ ಹೇಳ್ರಿ.”

ಮೊದಲಿನಿಂದ, ನಿಧಾನವಾಗಿ ಹೇಳಿದೆ.